ಎದುರಾಳಿಗೂ ಮತವಿದ್ದರೆ ಹೆಸರು ಯಾರದು?

2023ರ ಮಾರ್ಚ್ 18ರ ರಾತ್ರಿ ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಸೋತಿತು. ಅದು ಇಂಡಿಯನ್ ಸೂಪರ್ ಲೀಗ್‌ನ ಫೈನಲ್. ಹೆಚ್ಚುವರಿ ಸಮಯ ಮುಗಿದಾಗ 2–2, ಪೆನಾಲ್ಟಿಗಳಲ್ಲಿ 3–4. ನಮಗೆ ಅದು ಕಪ್ ಕೈತಪ್ಪಿದ ಸುದ್ದಿ. ಕೋಲ್ಕತ್ತದ ಮೋಹನ್ ಬಗಾನ್ ಅಭಿಮಾನಿಗಳಿಗೆ ಅಂದು ಕಪ್ಪಿಗಿಂತ ದೊಡ್ಡದೊಂದು ಸಿಕ್ಕಿತ್ತು. ಪಂದ್ಯ ಮುಗಿಯುತ್ತಿದ್ದಂತೆ ತಂಡದ ಮಾಲೀಕ ಸಂಜೀವ್ ಗೋಯೆಂಕಾ ಅವರು ಕ್ಲಬ್ಬಿನ ಹೆಸರಿನಿಂದ ‘ಎಟಿಕೆ’ ಎಂಬ ಮೂರು ಅಕ್ಷರಗಳನ್ನು ತೆಗೆಯುವುದಾಗಿ ಘೋಷಿಸಿದರು. ಮುಂದೆ ಅದು ‘ಮೋಹನ್ ಬಗಾನ್ ಸೂಪರ್ ಜೈಂಟ್’ ಆಯಿತು.

ಆ ಮೂರು ಅಕ್ಷರಗಳ ಮೇಲೆ ಯಾಕಷ್ಟು ಸಿಟ್ಟು? ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. 1911ರಲ್ಲಿ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಶೈರ್ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್ ಅದು. ಬರಿಗಾಲಿನ ಬಂಗಾಳಿ ಹುಡುಗರ ಆ ಗೆಲುವು ಸ್ವಾತಂತ್ರ್ಯ ಚಳವಳಿಯ ನೆನಪಿನಲ್ಲೇ ಸೇರಿಹೋಗಿದೆ. 2020ರಲ್ಲಿ ಎಟಿಕೆ ಎಂಬ ಹೊಸ ಕ್ಲಬ್ಬಿನೊಂದಿಗೆ ಅದು ವಿಲೀನವಾದಾಗ ಹೊಸಬನ ಹೆಸರು ಮುಂದೆ ಬಂತು, ಹಳೆಯದು ಹಿಂದೆ ಸರಿಯಿತು. ‘ಎಟಿಕೆ ತೆಗೆಯಿರಿ’ ಎಂಬ ಕೂಗು ಸುಮಾರು ಮೂರು ವರ್ಷ ನಿಲ್ಲಲಿಲ್ಲ. ಈ ಹೆಸರಿಗಾಗಿ ಯಾರೂ ಮತಪೆಟ್ಟಿಗೆ ಇಟ್ಟಿರಲಿಲ್ಲ. ಅಭಿಮಾನಿಗಳೇ ಬೀದಿಯಲ್ಲಿ, ಗ್ಯಾಲರಿಯಲ್ಲಿ ಮತ ಹಾಕಿದರು.

ಇದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಹಳೆಯ ಪಾಲಿದೆ. 1998ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗ್ರೂಪ್ ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್ಬುಗಳ ಬೆನ್ನಿಗೆ ನಿಂತಿತು. ಒಂದು ‘ಮ್ಯಾಕ್‌ಡೊವೆಲ್ ಮೋಹನ್ ಬಗಾನ್’ ಆಯಿತು, ಇನ್ನೊಂದು ‘ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್’. ಹುಟ್ಟಾ ಎದುರಾಳಿಗಳು ಒಬ್ಬನೇ ಧಣಿಯ ಎರಡು ಮದ್ಯದ ಹೆಸರುಗಳನ್ನು ಹೊತ್ತು ಕಣಕ್ಕಿಳಿದರು. ಆದರೂ ಗ್ಯಾಲರಿಯಲ್ಲಿ ಕೂಗುತ್ತಿದ್ದದ್ದು ‘ಮೋಹನ್ ಬಗಾನ್’, ‘ಈಸ್ಟ್ ಬೆಂಗಾಲ್’ ಎಂದೇ. ಕಾಗದದ ಮೇಲಿನ ಹೆಸರು ಬೇರೆ, ಬಾಯಿಯ ಹೆಸರು ಬೇರೆ.

ಊರು, ರಾಜ್ಯ, ಸಂಸ್ಥೆಗಳ ಹೆಸರು ಬದಲಾದ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಕಡತ, ನಿರ್ಣಯ, ಗೆಜೆಟ್ ಅಧಿಸೂಚನೆಗಳ ನಡುವೆ ಕೂತವರಿಗೆ ಫುಟ್‌ಬಾಲ್ ಏಕೆ ಎಂದು ಕೇಳಬಹುದು. ಹೆಸರಿಡುವುದನ್ನು ಸಾರ್ವಜನಿಕ ಮತಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಳೆದ ಇಪ್ಪತ್ತು ವರ್ಷಗಳಲ್ಲಿ ಅತಿ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಈ ಆಟದ ಊರುಗಳೇ. ಅಲ್ಲಿ ಎದುರಾಳಿ ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ಅವನು ಸುಮ್ಮನಿರುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ಬಾಗಿಲಿಲ್ಲದ ಮತಗಟ್ಟೆ

ಒಂದು ಕ್ಲಬ್ಬಿಗೋ, ಸೇತುವೆಗೋ, ರಸ್ತೆಗೋ ಹೆಸರಿಡಲು ಅಂತರ್ಜಾಲದಲ್ಲಿ ಮತ ಕೇಳುತ್ತಾರೆ ಎಂದುಕೊಳ್ಳಿ. ಅಲ್ಲಿ ಮತದಾರರ ಪಟ್ಟಿ ಇರುವುದಿಲ್ಲ. ಬೆರಳಿಗೆ ಶಾಯಿ ಹಚ್ಚುವವರಿಲ್ಲ. ಆ ಊರಿನವರು ಎಷ್ಟು ಸುಲಭವಾಗಿ ಮತ ಹಾಕಬಹುದೋ ಪಕ್ಕದ ಊರಿನ ಎದುರಾಳಿಯೂ ಅಷ್ಟೇ ಸುಲಭವಾಗಿ ಹಾಕಬಹುದು. ಅವನಿಗೆ ಇದು ಆಟವಾಡದೆಯೇ ಗೆಲ್ಲುವ ಅವಕಾಶ. ಪಂದ್ಯದಲ್ಲಿ ಸೋಲಿಸಿದರೆ ಮುಂದಿನ ವರ್ಷ ಲೆಕ್ಕ ಚುಕ್ತಾ ಆಗಬಹುದು. ಕೆಟ್ಟ ಹೆಸರೊಂದನ್ನು ಅಂಟಿಸಿಬಿಟ್ಟರೆ ಅದನ್ನು ಅವರೇ ಪ್ರತಿ ವಾರ ಧ್ವನಿವರ್ಧಕದಲ್ಲಿ ಕೂಗಿಕೊಳ್ಳಬೇಕು. ಹಾಗಾಗಿ ಎದುರಾಳಿ ಅಭಿಮಾನಿಗಳು ಸಂದೇಶ ಹಂಚಿ, ಗುಂಪು ಕಟ್ಟಿ, ಪಟ್ಟಿಯಲ್ಲೇ ಅತಿ ನಗೆಪಾಟಲಿನ ಹೆಸರಿಗೆ ಮತ ಗುಡ್ಡೆ ಹಾಕಲು ನೋಡುತ್ತಾರೆ.

ಬಾಗಿಲಿಲ್ಲದ ಮತಗಟ್ಟೆಗೆ ಯಾರು ಯಾರು ಬರಬಹುದು ಎಂಬುದಕ್ಕೆ 2006ರ ಹಂಗೇರಿ ಸಾಕ್ಷಿ. ಡ್ಯಾನ್ಯೂಬ್ ನದಿಗೆ ಕಟ್ಟುತ್ತಿದ್ದ ಹೊಸ ಸೇತುವೆಗೆ ಹೆಸರು ಸೂಚಿಸಿ ಎಂದು ಅಲ್ಲಿನ ಸರ್ಕಾರ ಕೇಳಿತು. ಅಮೆರಿಕದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ತನ್ನ ಟಿವಿ ಕಾರ್ಯಕ್ರಮದಲ್ಲಿ, ನನ್ನ ಹೆಸರಿಗೆ ಮತ ಹಾಕಿ ಎಂದ. ಅವನಿಗೆ ಬಿದ್ದ ಮತ 1 ಕೋಟಿ 70 ಲಕ್ಷ. ಹಂಗೇರಿಯ ಇಡೀ ಜನಸಂಖ್ಯೆ ಸುಮಾರು 1 ಕೋಟಿ! ಕೊನೆಗೆ ಭೌಗೋಳಿಕ ಹೆಸರುಗಳ ಸಮಿತಿ ಮತವನ್ನೆಲ್ಲ ಬದಿಗಿಟ್ಟು, ಸೇತುವೆಯ ಎರಡೂ ದಡದ ಬಡಾವಣೆಗಳ ಹೆಸರಿನ ಕೊನೆಯಲ್ಲಿರುವ ‘ಮೆಜೆರ್’ ಎಂಬ ಪದವನ್ನು ಆರಿಸಿ ‘ಮೆಜೆರಿ ಸೇತುವೆ’ ಎಂದು ಹೆಸರಿಟ್ಟಿತು. ಹತ್ತು ವರ್ಷಗಳ ನಂತರ, 2016ರಲ್ಲಿ, ಬ್ರಿಟನ್ನಿನ ಧ್ರುವ ಸಂಶೋಧನಾ ಹಡಗಿಗೆ ‘ಬೋಟಿ ಮೆಕ್‌ಬೋಟ್‌ಫೇಸ್’ ಎಂಬ ತಮಾಷೆಯ ಹೆಸರು 1,24,109 ಮತ ಪಡೆದು ಗೆದ್ದಿತು. ಹಡಗಿಗೆ ಇಟ್ಟದ್ದು ಮಾತ್ರ ಡೇವಿಡ್ ಅಟೆನ್‌ಬರೋ ಅವರ ಹೆಸರನ್ನು.

ಇವನ್ನು ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ‘ಜನರ ಕೈಗೆ ಕೊಟ್ಟರೆ ಹೀಗೇ’ ಎಂಬುದು ಒಂದು. ‘ಜನ ಗೆಲ್ಲಿಸಿದ್ದನ್ನು ಅಧಿಕಾರಿಗಳು ಕಿತ್ತುಕೊಂಡರು’ ಎಂಬುದು ಇನ್ನೊಂದು. ನನಗೆ ಎರಡೂ ಸಾಲದು. ‘ಜನ’ ಎಂದರೆ ಇಲ್ಲಿ ಯಾರು ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಅದನ್ನು ಕೇಳಲು ಅಮೆರಿಕದ ಎರಡು ಫುಟ್‌ಬಾಲ್ ಊರುಗಳಿಗೆ ಹೋಗಬೇಕು.

ಸಿಯಾಟಲ್ ಮತ್ತು ಹೂಸ್ಟನ್

2007ರಲ್ಲಿ ಸಿಯಾಟಲ್ ನಗರಕ್ಕೆ ಮೇಜರ್ ಲೀಗ್ ಸಾಕರ್‌ನಲ್ಲಿ ಆಡುವ ಹೊಸ ತಂಡ ಮಂಜೂರಾಯಿತು. ಮಾಲೀಕರು ಹೆಸರಿಗಾಗಿ ಸಾರ್ವಜನಿಕ ಮತ ಕೇಳಿ ಮೂರು ಆಯ್ಕೆ ಕೊಟ್ಟರು: ಸಿಯಾಟಲ್ ಎಫ್‌ಸಿ, ಸಿಯಾಟಲ್ ರಿಪಬ್ಲಿಕ್, ಸಿಯಾಟಲ್ ಅಲಯನ್ಸ್. ಊರಿನವರು ಸಿಡಿದೆದ್ದರು. ಅವರಿಗೆ 1974ರಿಂದ ಗೊತ್ತಿದ್ದ ಹೆಸರು ‘ಸೌಂಡರ್ಸ್’. ಸುಮಾರು 280 ಕಿ.ಮೀ. ದೂರದ ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಜೊತೆ 1975ರಿಂದ ಕಾದಾಡಿದ್ದು ಆ ಹೆಸರಿನಲ್ಲಿ. ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ! ಗದ್ದಲದ ನಂತರ ‘ಬೇರೆ ಹೆಸರು’ ಬರೆಯಲು ಅವಕಾಶ ಕೊಟ್ಟರು. ಬಂದ 14,500ಕ್ಕೂ ಹೆಚ್ಚು ಮತಗಳಲ್ಲಿ ಅರ್ಧದಷ್ಟು ‘ಸೌಂಡರ್ಸ್’ ಪರವಾಗಿದ್ದವು. 2008ರ ಏಪ್ರಿಲ್ 7ರಂದು ಅದೇ ಹೆಸರು ನಿಂತಿತು.

ಎದುರಾಳಿ ಎಂಬುವನು ಹೆಸರಿಗೆ ಬರೀ ಕೇಡು ಬಗೆಯುವವನಲ್ಲ ಎಂಬುದು ಸಿಯಾಟಲ್‌ನಲ್ಲಿ ಕಾಣುತ್ತದೆ. ಒಂದು ಹೆಸರಿನ ತೂಕ ಹೆಚ್ಚುವುದೇ ಎದುರಿನವನು ಅದನ್ನು ಹಲವು ವರ್ಷ ಹಲ್ಲು ಕಚ್ಚಿ ಉಚ್ಚರಿಸಿದ್ದರಿಂದ. ಟಿಂಬರ್ಸ್ ಇಲ್ಲದೆ ಸೌಂಡರ್ಸ್ ಅಷ್ಟು ಗಟ್ಟಿಯಾಗುತ್ತಿರಲಿಲ್ಲ. ‘ಸಿಯಾಟಲ್ ರಿಪಬ್ಲಿಕ್’ ಎಂಬುದನ್ನು ಯಾರೂ ಬೈದಿರಲಿಲ್ಲ, ಆದ್ದರಿಂದ ಯಾರೂ ಪ್ರೀತಿಸಿಯೂ ಇರಲಿಲ್ಲ.

ಹೂಸ್ಟನ್ ಕಥೆ ಇದಕ್ಕಿಂತ ತೊಡಕಿನದು. 2005ರ ಕೊನೆಗೆ ಸ್ಯಾನ್ ಹೋಸೆ ನಗರದ ತಂಡವನ್ನು ಅಲ್ಲಿಗೆ ಸ್ಥಳಾಂತರಿಸಿದರು. ‘ಅರ್ತ್‌ಕ್ವೇಕ್ಸ್’ ಎಂಬ ಹಳೆಯ ಹೆಸರು, ಬಣ್ಣ, ದಾಖಲೆಗಳು ಸ್ಯಾನ್ ಹೋಸೆಯಲ್ಲೇ ಉಳಿದವು. 2008ರಲ್ಲಿ ಅಲ್ಲಿ ಮತ್ತೆ ತಂಡ ಕಟ್ಟಿದಾಗ ಆ ಹೆಸರು ಕಾಯುತ್ತಾ ಕೂತಿತ್ತು. ಇತ್ತ ಹೂಸ್ಟನ್‌ಗೆ ಬಂದ ಆಟಗಾರರಿಗೆ ಹೊಸ ಹೆಸರು ಬೇಕಿತ್ತು. ಅಂತರ್ಜಾಲದಲ್ಲಿ ಅಭಿಮಾನಿಗಳ ಅಭಿಪ್ರಾಯ ಕೇಳಿ 2006ರ ಜನವರಿ 25ರಂದು ‘ಹೂಸ್ಟನ್ 1836’ ಎಂದು ಘೋಷಿಸಿದರು. ವರ್ಷವನ್ನು ಹೆಸರಲ್ಲಿ ಸೇರಿಸುವುದು ಜರ್ಮನಿಯ ಕ್ಲಬ್ಬುಗಳ ರೂಢಿ: ಹ್ಯಾನೋವರ್ 96, ಶಾಲ್ಕೆ 04. 1836 ಹೂಸ್ಟನ್ ನಗರ ಹುಟ್ಟಿದ ವರ್ಷ.

ಅದೇ 1836 ಟೆಕ್ಸಾಸ್ ಮೆಕ್ಸಿಕೊದಿಂದ ಕಡಿದುಕೊಂಡ ಯುದ್ಧದ ವರ್ಷವೂ ಹೌದು. ಕ್ಲಬ್ಬಿನ ಲಾಂಛನದಲ್ಲಿ ಆ ಯುದ್ಧದ ಸೇನಾಪತಿ ಸ್ಯಾಮ್ ಹೂಸ್ಟನ್ ಕುದುರೆಯ ಮೇಲಿದ್ದ. ನಗರದಲ್ಲಿ ಮೆಕ್ಸಿಕೊ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದರು, ಫುಟ್‌ಬಾಲ್ ನೋಡುವವರಲ್ಲಂತೂ ಇನ್ನೂ ಹೆಚ್ಚು. ತಮ್ಮ ಹಿರಿಯರ ಸೋಲಿನ ವರ್ಷವನ್ನು ಅಂಗಿಯ ಮೇಲೆ ಬರೆದುಕೊಂಡು ನಾವು ಜೈಕಾರ ಹಾಕಬೇಕೇ ಎಂದು ಅವರು ಕೇಳಿದರು. ಆರು ವಾರಗಳೊಳಗೆ, ಮಾರ್ಚ್ 6ರಂದು, ಹೆಸರು ‘ಹೂಸ್ಟನ್ ಡೈನಮೊ’ ಎಂದಾಯಿತು. ಆ ವರ್ಷವೂ ಮುಂದಿನ ವರ್ಷವೂ ಲೀಗ್‌ನ ಕಪ್ ಗೆದ್ದದ್ದು ಅದೇ ಡೈನಮೊ.

ನನ್ನ ವಾದ ನಿಂತಿರುವುದು ಈ ಎರಡು ಊರುಗಳ ಮೇಲೆ. ಹೆಸರಿಗೆ ಅಡ್ಡ ಬರುವವರಲ್ಲಿ ಎರಡು ಬಗೆ. ಒಬ್ಬ ಹೊರಗಿನ ಎದುರಾಳಿ: ಪೋರ್ಟ್‌ಲ್ಯಾಂಡಿನವನು, ಪಕ್ಕದ ಊರಿನವನು, ಹೆಸರು ಏನಾದರೂ ಅದನ್ನು ಹೊತ್ತು ಬಾಳಬೇಕಾಗಿಲ್ಲದವನು. ಇನ್ನೊಬ್ಬ ಒಳಗಿನವನು: ಅದೇ ಊರಲ್ಲಿದ್ದು, ಅದೇ ತಂಡಕ್ಕೆ ಚಪ್ಪಾಳೆ ತಟ್ಟಬೇಕಾದವನು, ಆದರೆ ಆ ಹೆಸರು ಯಾರ ಎದೆಗೆ ಚುಚ್ಚುತ್ತದೋ ಅವನು. ಬಾಗಿಲಿಲ್ಲದ ಮತದಾನ ಹೊರಗಿನವನಿಗೆ ಮತ ಕೊಡುತ್ತದೆ. ಒಳಗಿನವನ ದನಿಯನ್ನು ಸಂಖ್ಯೆಯಲ್ಲಿ ಮುಳುಗಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒಳಗಿನವನು ಬಾಯಿ ಬಿಟ್ಟ ಕೂಡಲೇ ಅವನನ್ನೂ ‘ಎದುರಾಳಿ’ ಎಂದು ಕರೆಯುವ ಚಾಳಿ ಬೆಳೆಯುತ್ತದೆ.

ಇಬ್ಬರು ಎದುರಾಳಿಗಳು ಒಪ್ಪುವ ಹೆಸರೂ ಇರಬಹುದು ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ರಸ್ತೆಯಿದೆ. ಡರ್ಬಿ ಮತ್ತು ನಾಟಿಂಗ್‌ಹ್ಯಾಮ್ ಅಕ್ಕಪಕ್ಕದ ಊರುಗಳು, ಫುಟ್‌ಬಾಲಿನಲ್ಲಿ ಹಾವು ಮುಂಗುಸಿ. ಬ್ರಯಾನ್ ಕ್ಲಫ್ ಎಂಬ ತರಬೇತುದಾರ 1972ರಲ್ಲಿ ಡರ್ಬಿಯನ್ನು ಲೀಗ್ ಚಾಂಪಿಯನ್ ಮಾಡಿದ, 1978ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟನ್ನೂ ಮಾಡಿದ. ಫಾರೆಸ್ಟ್ ಅವನ ಕೈಕೆಳಗೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 2004ರಲ್ಲಿ ಅವನು ತೀರಿಕೊಂಡ ಮೇಲೆ ಎರಡೂ ಊರನ್ನು ಜೋಡಿಸುವ ಹೆದ್ದಾರಿಗೆ ಅವನ ಹೆಸರಿಟ್ಟರು. ಮುಂದೆ 2010ರಲ್ಲಿ ಡರ್ಬಿ ತನ್ನ ಹೊಸ ವರ್ತುಲ ರಸ್ತೆಗೆ ಸಾರ್ವಜನಿಕ ಮತ ಕೇಳಿತು. 27,000ಕ್ಕೂ ಹೆಚ್ಚು ಮತಗಳಲ್ಲಿ ಶೇ. 89 ಪಡೆದು ಗೆದ್ದದ್ದು ‘ಲಾರಾ ಕ್ರಾಫ್ಟ್ ವೇ’. ಅವಳು ವಿಡಿಯೊ ಗೇಮ್ ಒಂದರ ನಾಯಕಿ, ಡರ್ಬಿಯ ಕಂಪನಿಯೊಂದರಲ್ಲಿ ರೂಪುಗೊಂಡವಳು. ಎರಡೂ ಹೆಸರುಗಳು ಉಳಿದಿವೆ. ಒಂದು ಇಬ್ಬರ ಒಪ್ಪಿಗೆಯಿಂದ, ಇನ್ನೊಂದು ಸಂಖ್ಯೆಯ ಬಲದಿಂದ. ಆದರೂ ಲಾರಾಳಿಗೆ ಡರ್ಬಿಯ ತವರು ನಂಟು ಇದ್ದದ್ದರಿಂದಲೇ ನಗರಸಭೆಗೆ ಅದನ್ನು ಒಪ್ಪುವುದು ಸುಲಭವಾಯಿತು ಎಂದು ನನಗನ್ನಿಸುತ್ತದೆ.

ನಮ್ಮ ಹೆಸರು, ನಮ್ಮ ಮತ

ಇನ್ನು ನಮ್ಮ ನೆಲಕ್ಕೆ ಬರೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಇಂಗ್ಲಿಷಿನ ಸರ್ಕಾರಿ ದಾಖಲೆಗಳಲ್ಲಿ ನಗರ ಆಗಿನ್ನೂ ‘ಬ್ಯಾಂಗಲೋರ್’. ಕ್ಲಬ್ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಎಂದೇ ಬರೆದುಕೊಂಡಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ ಸೇರಿ ಒಟ್ಟು 12 ಊರುಗಳ ಜೊತೆಗೆ. ಈ ಬದಲಾವಣೆಗೆ ಒತ್ತಾಯಿಸಿದವರಲ್ಲಿ ಮುಖ್ಯರಾದ ಯು. ಆರ್. ಅನಂತಮೂರ್ತಿ ಅದಕ್ಕೆ ಎರಡು ತಿಂಗಳ ಮುಂಚೆ ತೀರಿಕೊಂಡಿದ್ದರು. ಸರ್ಕಾರದ ಅಧಿಸೂಚನೆಗಿಂತ ಒಂದು ವರ್ಷಕ್ಕೂ ಮುಂಚೆಯೇ ಗ್ಯಾಲರಿಯ ಕೂಗು ಅದನ್ನು ಜಾರಿಗೆ ತಂದಿತ್ತು. ಕ್ರಿಕೆಟ್ ತಂಡ ಆರ್‌ಸಿಬಿ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆದದ್ದು 2024ರ ಮಾರ್ಚ್‌ನಲ್ಲಿ, ಅದೂ ಅಭಿಮಾನಿಗಳ ಬಹುಕಾಲದ ಬೇಡಿಕೆಯ ನಂತರ.

ನಮ್ಮ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಈ 2014 ಒಂದು ವಿಚಿತ್ರ ವರ್ಷ. ನಮ್ಮ ಬಸ್ಸಿನ ಬೋರ್ಡು ಎಂದೂ ಬೆಂಗಳೂರು, ಶಿವಮೊಗ್ಗ ಎಂದೇ ಇತ್ತು. ಅಂದು ಬದಲಾದದ್ದು ಇಂಗ್ಲಿಷಿನ ಕಾಗುಣಿತ. ಕನ್ನಡದ ಬಾಯಿ ಯಾವ ಕಾಲದಲ್ಲೋ ಮತ ಹಾಕಿ ಮುಗಿಸಿತ್ತು.

ಬೆಂಗಳೂರಿನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಮತ್ತು ಕೇರಳ ಬ್ಲಾಸ್ಟರ್ಸ್‌ನ ‘ಮಂಜಪ್ಪಡ’, ಅಂದರೆ ಹಳದಿ ಪಡೆ, ದಕ್ಷಿಣದ ಅತಿ ಬಿಸಿಯಾದ ಪೈಪೋಟಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಸರಕ್ಕನೆ ಹೊಡೆದ ಫ್ರೀಕಿಕ್ ಗೋಲಾದಾಗ ಕೇರಳದ ತಂಡ ಮೈದಾನದಿಂದಲೇ ಹೊರನಡೆದಿತ್ತು. ನಾಳೆ ಕಂಠೀರವದ ಒಂದು ಗ್ಯಾಲರಿಗೆ ಹೆಸರಿಡಲು ಬಾಗಿಲಿಲ್ಲದ ಮತ ಕೇಳಿದರೆ ಕೊಚ್ಚಿಯಿಂದ ಎಷ್ಟು ಮತ ಬರಬಹುದು, ಯಾವ ಹೆಸರಿಗೆ ಬರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅದರಲ್ಲಿ ತಮಾಷೆಯಿದೆ, ಅಪಾಯವೇನೂ ಇಲ್ಲ.

ಬೆಳಗಾವಿಯ ಮಾತು ಹಾಗಲ್ಲ. 2014ರಲ್ಲಿ ಆ ಹೆಸರಿನ ಬದಲಾವಣೆಯನ್ನು ಮಹಾರಾಷ್ಟ್ರ ಏಕೀಕರಣ ಸಮಿತಿ ವಿರೋಧಿಸಿತು. ಅದೇ ವರ್ಷದ ಜುಲೈನಲ್ಲಿ ಹತ್ತಿರದ ಯಳ್ಳೂರಿನಲ್ಲಿದ್ದ ‘ಮಹಾರಾಷ್ಟ್ರ ರಾಜ್ಯ’ ಎಂಬ ಫಲಕವನ್ನು ನ್ಯಾಯಾಲಯದ ಆದೇಶದಂತೆ ತೆರವುಗೊಳಿಸಿದಾಗ ಘರ್ಷಣೆಯಾಯಿತು. ಗಡಿಯ ಆಚೆಯಿಂದ ಕೂಗುವ ರಾಜಕಾರಣಿ ಹೊರಗಿನ ಎದುರಾಳಿ ಎಂದುಕೊಳ್ಳೋಣ. ಯಳ್ಳೂರಿನ ಮರಾಠಿ ರೈತ ಹಾಗಲ್ಲ. ಅವನ ಪಹಣಿ, ಪಡಿತರ ಚೀಟಿ ಎಲ್ಲದರ ಮೇಲೆ ಬೆಳಗಾವಿ ಎಂದಿರುತ್ತದೆ. ಅವನು ಆ ಹೆಸರನ್ನು ಹೊತ್ತು ಬಾಳುವವನು. ನಾನು ಬೆಳಗಾವಿ ಎಂಬ ಹೆಸರಿನ ಪರ. ಪರವಾಗಿದ್ದುಕೊಂಡೇ ಅವನನ್ನು ಮಂಜಪ್ಪಡದವನಂತೆ ನೋಡಲಾಗದು ಎಂದು ಹೇಳುತ್ತಿದ್ದೇನೆ.

ಈ ಭೇದವನ್ನು ಅರಿತು ನಡೆದ ಹೆಸರಿನ ಮತ ನಮ್ಮಲ್ಲೇ ಒಂದಿದೆ. ಅದು ನಮ್ಮ ರಾಜ್ಯದ್ದೇ. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಹಳೆಯ ಮೈಸೂರಿನೊಂದಿಗೆ ಸೇರಿದವು. ಹೆಸರು ಮಾತ್ರ ‘ಮೈಸೂರು’ ಎಂದೇ ಉಳಿಯಿತು. ಉತ್ತರದವರಿಗೆ ಇದು, ಮನೆಗೆ ಸೇರಿಸಿಕೊಂಡು ಹೆಸರು ಮಾತ್ರ ಅಣ್ಣನದೇ ಇಟ್ಟಂತಿತ್ತು. ಹಳೆಯ ಮೈಸೂರಿನವರಿಗೂ ಅವರದೇ ಅಂಜಿಕೆಯಿತ್ತು. ವಿಶ್ವವಿದ್ಯಾಲಯ, ದಸರಾ, ರೇಷ್ಮೆ, ಗಂಧದ ಸಾಬೂನು, ಇವುಗಳಿಂದ ಜಗತ್ತಿಗೆ ಪರಿಚಿತವಾದ ಹೆಸರನ್ನು ಯಾಕೆ ಬಿಡಬೇಕು?

ಲೆಕ್ಕ ಹಾಕಿ ನೋಡಿದರೆ ‘ಕರ್ನಾಟಕ’ ಎಂಬ ಹೆಸರು ಬಳಕೆಯಲ್ಲಿ ಬಹಳ ಮುಂಚೆಯೇ ಗೆದ್ದಿತ್ತು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪರಿಷತ್ತಿನ ಮೊದಲ ಹೆಸರು ‘ಕರ್ನಾಟಕ ಸಾಹಿತ್ಯ ಪರಿಷತ್ತು’. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಇಷ್ಟಾದರೂ ರಾಜ್ಯಕ್ಕೆ ಆ ಹೆಸರು ಸಿಗಲು ಏಕೀಕರಣದ ನಂತರ 17 ವರ್ಷ ಹಿಡಿಯಿತು. 1972ರ ಜುಲೈನಲ್ಲಿ ವಿಧಾನಸಭೆ ಹೆಸರು ಬದಲಿಸುವ ನಿರ್ಣಯವನ್ನು ಒಪ್ಪಿತು. ಸಂವಿಧಾನದ 3ನೇ ವಿಧಿಯಂತೆ ಸಂಸತ್ತು ಕಾಯ್ದೆ ಮಾಡಿತು. 1973ರ ನವೆಂಬರ್ 1ರಿಂದ ‘ಕರ್ನಾಟಕ’ ಜಾರಿಗೆ ಬಂತು.

ಆಗ ಮುಖ್ಯಮಂತ್ರಿಯಾಗಿದ್ದವರು ಡಿ. ದೇವರಾಜ ಅರಸು, ಮೈಸೂರು ಜಿಲ್ಲೆಯ ಹುಣಸೂರು ಕಡೆಯವರು. ಅಂದರೆ ಹೆಸರು ಬಿಟ್ಟುಕೊಡಬೇಕಾದ ಕಡೆಯವರೇ ಮುಂದೆ ನಿಂತು ಬದಲಾವಣೆ ತಂದರು. ಗೆಲ್ಲಬೇಕಾದ ಕಡೆಯ ನಾಯಕರೊಬ್ಬರು ಇದನ್ನು ಸಂಖ್ಯೆಯ ಬಲದಿಂದ ಮಾಡಿದ್ದರೆ, ಮೈಸೂರಿನವರಿಗೆ ಅದು ಹೂಸ್ಟನ್‌ನ 1836ರಂತೆ ಚುಚ್ಚುತ್ತಿತ್ತೇನೋ. ಮೈಸೂರು ವಿಶ್ವವಿದ್ಯಾಲಯವಾಗಲಿ ಮೈಸೂರು ಸ್ಯಾಂಡಲ್ ಸೋಪಾಗಲಿ ತಮ್ಮ ಹೆಸರು ಬಿಡಬೇಕಾಗಲಿಲ್ಲ. ಹದಿನೇಳು ವರ್ಷ ತಡವಾಯಿತು ಎಂದು ನಾವು ಸಾಮಾನ್ಯವಾಗಿ ಕೊರಗುತ್ತೇವೆ. ಒಳಗಿನ ಭಿನ್ನಮತ ಕರಗಲು ಆ ಕಾಲ ಬೇಕಿತ್ತು ಎಂದು ಈಗ ನನಗೆ ತೋರುತ್ತದೆ.

ಹೋರಿಗೆ ಹೆಸರಿಡುವವರು

ಇದನ್ನು ನಮ್ಮ ಸೀಮೆಯವರಿಗೆ ಹೇಳುವಾಗ ಫುಟ್‌ಬಾಲ್ ಬೇಕಾಗಿಯೇ ಇಲ್ಲ, ಹೋರಿ ಹಬ್ಬ ಸಾಕು. ದೀಪಾವಳಿ ಕಳೆದ ಮೇಲೆ ಹಾವೇರಿ, ಶಿಕಾರಿಪುರ, ಸೊರಬ, ಹೊನ್ನಾಳಿ ಕಡೆ ಹೋರಿ ಬೆದರಿಸುವ ಸ್ಪರ್ಧೆಗಳು ಶುರು. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬಲೂನು ಜೂಲು ತೊಡಿಸಿ ಓಡಿಸುವ ಹೋರಿಗೆ ಅದರದೇ ಹೆಸರು, ಅದರದೇ ಬಾವುಟ, ಅದರದೇ ಅಭಿಮಾನಿ ಬಳಗ. ಹೆಸರಿಡುವುದು ಸಾಕಿದ ಮನೆಯವರು, ಅವರ ಓಣಿಯವರು. ಎದುರೂರಿನವರಿಗೆ ಅಲ್ಲಿ ಮತವಿಲ್ಲ. ಆದರೆ ಹೆಸರು ನಾಲ್ಕು ತಾಲ್ಲೂಕು ಹಬ್ಬುವುದು, ಕೊಬ್ಬರಿ ಹರಿಯಲು ಬಂದು ಬರಿಗೈಲಿ ಹೋದ ಎದುರೂರಿನ ಹುಡುಗರ ಬಾಯಿಂದಲೇ.

ಮೇಲಿನಿಂದ ಬಂದ ಹೆಸರುಗಳನ್ನೂ ನಮ್ಮ ತಾಲ್ಲೂಕು ಕಂಡಿದೆ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆಯಾಯಿತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಆ ಕಡೆಗೆ ಬಂದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ನಮಗೆ ಹತ್ತಿರದ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಬಿ. ಎಸ್. ಯಡಿಯೂರಪ್ಪ ಅವರ ಹೆಸರಿಡುವ ಮಾತು ಬಂದಾಗ ಅವರೇ ಬೇಡವೆಂದರು. 2023ರಲ್ಲಿ ಅದು ಕುವೆಂಪು ವಿಮಾನ ನಿಲ್ದಾಣವಾಗಿ ತೆರೆಯಿತು. ಅಲ್ಲಿ ಸಾರ್ವಜನಿಕ ಮತ ನಡೆಯಲಿಲ್ಲ. ನಡೆದಿದ್ದರೆ ಪಕ್ಷಗಳ ಅಭಿಮಾನಿಗಳು ಫುಟ್‌ಬಾಲಿನವರನ್ನೂ ಮೀರಿಸುತ್ತಿದ್ದರು.

ಸಾರ್ವಜನಿಕ ಮತವೇ ಬೇಡ ಎಂಬುದು ನನ್ನ ತೀರ್ಮಾನವಲ್ಲ. ಸಿಯಾಟಲ್‌ನಲ್ಲಿ ಮತವಿರದಿದ್ದರೆ ಸೌಂಡರ್ಸ್ ಉಳಿಯುತ್ತಿರಲಿಲ್ಲ. ಮುಂದೆ ಯಾವುದೇ ನಗರಸಭೆಯೋ ಕ್ಲಬ್ಬೋ ಹೆಸರಿಗೆ ಮತ ಕೇಳಿದರೆ ನಾನು ಮೊದಲು ಮೂರು ಸಂಗತಿ ನೋಡುತ್ತೇನೆ. ಪಟ್ಟಿ ಮಾಡಿದವರು ಯಾರು? ಮತ ಹಾಕುವವರಲ್ಲಿ ಆ ಹೆಸರನ್ನು ದಿನಾ ಬಾಯಲ್ಲಿ ಆಡುವವರು ಎಷ್ಟು? ಗೆದ್ದ ಹೆಸರು ಒಳಗಿನ ಯಾರಿಗಾದರೂ ಚುಚ್ಚಿದರೆ ಅವರ ಮಾತು ಕೇಳಲು ಎಷ್ಟು ದಿನ ಇಟ್ಟಿದ್ದಾರೆ? ಹೂಸ್ಟನ್ ಆರು ವಾರದಲ್ಲಿ ಕೇಳಿಸಿಕೊಂಡಿತು, ನಾವು 17 ವರ್ಷ ತೆಗೆದುಕೊಂಡೆವು. ಪಕ್ಕದೂರಿನವನು ನುಗ್ಗಿ ನಾಲ್ಕು ಕೀಟಲೆ ಮತ ಹಾಕಿದರೆ ಹಾಕಲಿ, ಅವನ್ನು ಎಣಿಸದಿದ್ದರೆ ಆಯಿತು. ಎಣಿಸಲೇಬೇಕಾದ್ದು, ನಮ್ಮದೇ ಗ್ಯಾಲರಿಯಲ್ಲಿ ಕೂತು ಆ ಹೆಸರು ಕೂಗಿದಾಗ ಬಾಯಿ ಮುಚ್ಚಿಕೊಂಡವರನ್ನು.